ಊಟವಾದ ಮೇಲಿನ ಭೂಗೋಳ

ನವೆಂಬರ್ ೯, ೧೯೩೬

ನೀರು ತುಂಬಿದ್ದು, ಜೋಳ ಹಸನು ಮಾಡಿದ್ದು, ಹನ್ನೆರಡಕ್ಕೆ ಕ್ಲಾಸು. ಪ್ರಫುಲ್ಲಾಬಾಯಿ ಇವತ್ತು ಭೂಗೋಳ ಶುರು ಮಾಡಿದರು — ಹಿಂದುಸ್ಥಾನದ ಖನಿಜ, ಬೆಳೆ, ಉದ್ದಿಮೆ. ಮಾರ್ಚಿನಲ್ಲಿ ಮ್ಯಾಟ್ರಿಕ್. ಮದುವೆಯಾದವರು ಏಳು ಮಂದಿ ಇದ್ದೇವೆ, ಏಳು ಮಂದಿಗೂ ಈ ವಿಷಯವೆಂದರೆ ಎದೆ ಡವಡವ.

ಸಂಜೆ ಬಡಿಸುವಾಗ ಅತ್ತೆಗೆ ಅದನ್ನೇ ಹೇಳಿದೆ. ಅತ್ತೆ ಇವರ ಕಡೆ ತಿರುಗಿದರು. "ನೀ ಸ್ಟೇಶನ್ನಿನ ಗೂಡ್ಸ್ ಶೆಡ್ಡಿನಾಗ ದಿನಾ ಊರೂರ ಸಾಮಾನು ನೋಡಾಂವ. ಇಕಿಗಿ ಅಷ್ಟು ಹೇಳಿಕೊಡು."

ಇವರ ತುತ್ತು ಕೈಯಲ್ಲೇ ನಿಂತಿತು. ನನ್ನ ಸೌಟೂ ನಿಂತಿತು.

ನವೆಂಬರ್ ೧೦

ಮೊದಲ ಪಾಠ. ಅರ್ಧ ಗಂಟೆ!

ಈ ಮರಾಠಿ ಊರಿನ ರಾಸ್ತಾ ಪೇಟೆಯ ವಠಾರದಂಥ ವಾಡೆಯಲ್ಲಿ ನಮಗಿರುವುದು ಒಂದು ಖೋಲಿ, ಒಂದು ಅಡುಗೆಮನೆ. ಒಳಗೆ ಅತ್ತೆ ಮತ್ತು ನಾನು. ಇವರ ಹಾಸಿಗೆ ಹೊರಗೆ ಪಡಸಾಲೆಯಲ್ಲಿ. ಹಿರಿಯರೆದುರು ಗಂಡ ಹೆಂಡತಿ ಮಾತಾಡುವ ರೂಢಿ ನಮ್ಮಲ್ಲಿಲ್ಲ. ನಾಲ್ಕು ವರ್ಷದಲ್ಲಿ ಇವರೊಡನೆ ಆಡಿದ ಮಾತನ್ನೆಲ್ಲ ಕೂಡಿಸಿದರೆ ಒಂದು ಕಾರ್ಡಿನಲ್ಲಿ ಹಿಡಿಸೀತು. ಪಾಠಕ್ಕೆ ಮಾತ್ರ ಅಡ್ಡಿಯಿಲ್ಲ, ಅತ್ತೆಯೇ ಹೇಳಿದ್ದು. ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದರು. ನಾವು ಕಲ್ಲಿದ್ದಲಿನ ಬಗ್ಗೆ ಮಾತಾಡಿದೆವು. ಕಲ್ಲಿದ್ದಲು ಇಷ್ಟು ಚೆಂದದ ವಿಷಯ ಅಂತ ಗೊತ್ತಿರಲಿಲ್ಲ.

ಡಿಸೆಂಬರ್ ೩

ಇವರ ಭೂಗೋಳವೆಂದರೆ ಲೇಬಲ್ಲು. ವ್ಯಾಗನ್ನಿನಿಂದ ಸಾಮಾನು ಇಳಿದ ಮೇಲೆ ಬಿಸಾಡುವ ಚೀಟಿಗಳನ್ನು ಕೋಟಿನ ಜೇಬಿನಲ್ಲಿ ತರುತ್ತಾರೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹಿಂದುಸ್ಥಾನ ಬರೆದಿದ್ದಾರೆ. ಆಯಾ ಊರಿನ ಚೀಟಿಯನ್ನು ಗಂಜಿ ಹಚ್ಚಿ ಅಲ್ಲಲ್ಲೇ ಅಂಟಿಸುವುದು ನನ್ನ ಕೆಲಸ. ಚಹಾ — ಕಲಕತ್ತಾ. ಚಿಮಣಿ ಎಣ್ಣೆ — ಮುಂಬಯಿ. ಹತ್ತಿ — ಗದಗ.

ಇವರ ಹಿಂದುಸ್ಥಾನ ಬದನೆಕಾಯಿಯ ಹಾಗಿದೆ. ಹೇಳಲಿಲ್ಲ. ಮೀಸೆಯ ಕೆಳಗೆ ಅಷ್ಟು ಖುಷಿ.

ಡಿಸೆಂಬರ್ ೧೯

ಟೆಸ್ಟ್ ಪರೀಕ್ಷೆ. ಐವತ್ತಕ್ಕೆ ಹದಿಮೂರು.

ಪ್ರಫುಲ್ಲಾಬಾಯಿ ಎಲ್ಲರೆದುರು ಕೇಳಿದರು, ಕಲಕತ್ತೆಯ ಬೀದಿಯಲ್ಲಿ ಚಹಾ ಬೆಳೆಯುತ್ತದೆಯೇ, ಮುಂಬಯಿಯಲ್ಲಿ ಬಾವಿ ತೋಡಿದರೆ ಎಣ್ಣೆ ಬರುತ್ತದೆಯೇ ಅಂತ. ಆ ಮಾತು ಮರಾಠಿಯಲ್ಲಿ ಇನ್ನೂ ತಮಾಷೆಯಾಗಿ ಕೇಳಿಸಿ ಎಲ್ಲರಿಗೂ ನಗು. ಆಗ ತಲೆಗೆ ಹೊಳೆಯಿತು. ಲೇಬಲ್ಲಿನ ಮೇಲಿರುವುದು ಸಾಮಾನು ರೈಲು ಹತ್ತಿದ ಊರು. ಹುಟ್ಟಿದ ಊರಲ್ಲ. ಹನ್ನೊಂದು ವರ್ಷ ಲೇಬಲ್ಲು ಓದಿದ ಮನುಷ್ಯನಿಗೆ ಊರೆಂದರೆ ಅದೇ.

ಹೇಳಲೇ? ಹೇಳಿದರೆ ನಾಚಿಕೊಂಡು ಪಾಠ ಬಿಡುತ್ತಾರೆ. ಬಿಟ್ಟರೆ ಆ ಅರ್ಧ ಗಂಟೆಯೂ ಹೋಯಿತು. ಹೇಳದಿದ್ದರೆ ಮ್ಯಾಟ್ರಿಕ್ ಹೋಯಿತು... ಪೇಪರನ್ನು ಟ್ರಂಕಿನಲ್ಲಿ ಸೀರೆಯ ಕೆಳಗಿಟ್ಟಿದ್ದೇನೆ.

ಜನವರಿ ೮, ೧೯೩೭

ಈಗ ನನಗೆ ಎರಡು ಭೂಗೋಳ. ಮಧ್ಯಾಹ್ನ ಪುಸ್ತಕದ್ದು — ಚಹಾ ಆಸಾಮ, ಎಣ್ಣೆ ಬ್ರಹ್ಮದೇಶ. ಸಂಜೆ ಇವರದ್ದು. ನಿನ್ನೆ ಬಾಯಿತಪ್ಪಿ ಆಸಾಮ ಅಂದುಬಿಟ್ಟೆ. ಇವರು ನಕ್ಕು, ಕಲಕತ್ತಾ ಅಂತ ತಿದ್ದಿದರು. ಹೌದ್ರಿ ಅಂದೆ.

ಪಾಪ ಅನ್ನಿಸಿತು. ಪ್ರೀತಿಯೂ ಉಕ್ಕಿತು. ಬರೆದೇ ಬಿಡುತ್ತೇನೆ, ಇದನ್ನು ಯಾರು ಓದುತ್ತಾರೆ.

ಫೆಬ್ರವರಿ ೧೪

ಅತ್ತೆ ಮೇಲಿನ ಮಹಡಿಯ ಗೌರಾಬಾಯಿಯವರಲ್ಲಿ ಹಪ್ಪಳ ಲಟ್ಟಿಸಲು ಹೋಗಿದ್ದರು. ಇವರು ಬಾಗಿಲಲ್ಲಿ ನಿಂತು ಅಂದರು, "ಪರೀಕ್ಷಾದಾಗ ಆಸಾಮ ಅಂತನ ಬರಿ. ನನ್ನ ಮಾತು ಕೇಳಬ್ಯಾಡ."

ಕ್ರಿಸ್ಮಸ್ ರಜೆಯಲ್ಲಿ ಟ್ರಂಕಿನಲ್ಲಿ ಉಣ್ಣೆಯ ಮಫ್ಲರು ಹುಡುಕುವಾಗಲೇ ನನ್ನ ಟೆಸ್ಟ್ ಪೇಪರು ನೋಡಿದ್ದರಂತೆ! ಹಾಗಾದರೆ ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಅಂತ ಕೇಳಿದೆ.

"ತಪ್ಪು ತಿದ್ದಿದ್ರ ಪಾಠ ಲಗೂ ಮುಗೀತಿತ್ತು."

ಹಪ್ಪಳದ ಕೈಯಲ್ಲೇ ಅತ್ತೆ ಇಳಿದು ಬಂದರು. ಒಳಗೆ ಹೋಗಿ ಸುಮ್ಮನೆ ಒಲೆ ಊದಿದೆ. ಒಲೆಯಲ್ಲಿ ಬೆಂಕಿಯೇ ಇರಲಿಲ್ಲ.

ಮಾರ್ಚ್ ೨೦

ಪರೀಕ್ಷೆ ಮುಗಿಯಿತು. ಎಣ್ಣೆ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದರು. ಬ್ರಹ್ಮದೇಶದ ಬಾವಿಗಳ ಬಗ್ಗೆ ಒಂದು ಪುಟ ತುಂಬಿಸಿದೆ.

ಸಂಜೆ ಇವರು ಲೇಬಲ್ಲು ತರಲಿಲ್ಲ. ಊಟವಾಯಿತು. ಹಾಸಿಗೆ ಎತ್ತಿಕೊಂಡು ಹೊರಗೆ ಹೋದರು. ಪಾಸಾದರೂ ಪಾಠ ಮುಗಿಯಿತು, ಫೇಲಾದರೂ ಮುಗಿಯಿತು. ಇದನ್ನು ಯೋಚಿಸಿಯೇ ಇರಲಿಲ್ಲ.

ಏಪ್ರಿಲ್ ೧

ಇವತ್ತಿನಿಂದ ಬ್ರಹ್ಮದೇಶ ಹಿಂದುಸ್ಥಾನದಲ್ಲಿಲ್ಲ. ಸರಕಾರ ಬೇರೆ ಮಾಡಿತು. ನಾನು ಬಾಯಿಪಾಠ ಮಾಡಿದ ಎಣ್ಣೆ, ತೇಗ, ಅಕ್ಕಿ ಎಲ್ಲ ಆಚೆ ಹೋಯಿತು. ಇವರು ಸುದ್ದಿ ಪೇಪರನ್ನು ಗಟ್ಟಿಯಾಗಿ ಓದಿದರು, ಅತ್ತೆಗೆ ಓದಿ ಹೇಳಿದ ಹಾಗೆ. ಓದುತ್ತ ಒಮ್ಮೆ ನನ್ನ ಕಡೆ ನೋಡಿದರು. ಅಷ್ಟೇ.

ಮೇ ೧೬

ಪಾಠ ನಿಂತು ಐವತ್ತೇಳು ದಿನ. ಊಟಕ್ಕೆ ಏಳ್ರಿ. ನೀರು ಕೊಡು. ಬಾಗಿಲು ಹಾಕಿಕೋ. ಮತ್ತೇನಿಲ್ಲ.

ಜೂನ್ ೮

ಪಾಸು! ಇವರು ಆಫೀಸಿನಿಂದ ಓಡುತ್ತ ಬಂದರು, ರುಮಾಲು ಕಂಕುಳಲ್ಲಿ. ಸುದ್ದಿಯನ್ನು ಅತ್ತೆಗೆ ಹೇಳಿದರು, ನನಗಲ್ಲ. ಅತ್ತೆ ನನ್ನ ಬಾಯಿಗೆ ಸಕ್ಕರೆ ಹಾಕಿದರು. ಕೆಳಗಿನ ಕ್ಲಾಸಿಗೆ ಕಲಿಸಲು ಬಾ ಅಂತ ಪ್ರಫುಲ್ಲಾಬಾಯಿ ಹೇಳಿ ಕಳಿಸಿದ್ದಾರೆ. ಇಷ್ಟೆಲ್ಲ ಆದರೂ ಊಟ ಬಡಿಸುವಾಗ ಕಣ್ಣು ಒದ್ದೆ. ಈರುಳ್ಳಿ ಅಂದುಕೊಳ್ಳಲಿ ಅಂತ ಈರುಳ್ಳಿಯನ್ನೇ ಹೆಚ್ಚಿದೆ.

ಇವರು ಹಾಸಿಗೆ ಎತ್ತಿಕೊಂಡರು. ಅತ್ತೆ ಬತ್ತಿ ಹೊಸೆಯುತ್ತಲೇ ಅಂದರು, "ಎಲ್ಲಿಗೆ ಹೊಂಟಿ? ಬ್ರಹ್ಮದೇಶ ಬ್ಯಾರೆ ಆತು ಅಂತ ನೀನ ಓದಿದಿ. ಇಕಿ ಕಲ್ತದ್ದೆಲ್ಲಾ ಹಳೇದಾತು. ಕುಂದ್ರು. ಮೊದಲಿಂದ ಕಲಿಸು."

ಪರೀಕ್ಷೆ ಮುಗಿದಿದೆಯಲ್ಲ ಅಂತ ಇವರು ತೊದಲಿದರು. ನಾಳೆ ಇವಳು ಹುಡುಗಿಯರಿಗೆ ಹಳೆಯದನ್ನೇ ಕಲಿಸಬೇಕೇನು ಅಂತ ಅತ್ತೆ ಗದರಿದರು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತರು. ಈಚೆಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲವಂತೆ. ಮಧ್ಯಾಹ್ನ ಅಡುಗೆಮನೆಯಲ್ಲಿ ಬೆಕ್ಕು ಹಾಲಿನ ಮುಚ್ಚಳ ಸರಿಸಿದ್ದು ಪಡಸಾಲೆಯಲ್ಲಿದ್ದ ಅವರಿಗೆ ಕೇಳಿಸಿತ್ತು.

ಇವರು ಕೂತರು. ಗಂಟಲು ಸರಿಮಾಡಿಕೊಂಡು, ಕಲ್ಲಿದ್ದಲಿನ ಊರು ಹೇಳು ಅಂದರು. "ಝರಿಯಾ, ರಾಣಿಗಂಜ," ಅಂದೆ ಗಟ್ಟಿಯಾಗಿ. ಇವರು ನಕ್ಷೆಯ ಗೋಡೆಯ ಬಳಿ ಬಗ್ಗಿ ಮೆಲ್ಲಗೆ ಕೇಳಿದರು, "ಇಷ್ಟು ದಿನ ಹೆಂಗ ಕಳದಿ?"

"ಗಿರಿಡೀಹ," ಅಂದೆ, ಅತ್ತೆಗೆ ಕೇಳಿಸುವ ಹಾಗೆ. ಆಮೇಲೆ ಸಣ್ಣ ದನಿಯಲ್ಲಿ, "ಭಾಳ ತ್ರಾಸಾತ್ರಿ."

ಇವರ ಕೈ ಬ್ರಹ್ಮದೇಶದ ಗೆರೆಯನ್ನು ಅಳಿಸುತ್ತಿತ್ತು. ಅಳಿಸಿದ್ದನ್ನೇ ಮತ್ತೆ ಮತ್ತೆ ಅಳಿಸುತ್ತ ಅಂದರು, ನನಗೂ ಹಾಗೇ ಆಗಿತ್ತು, ಇನ್ನು ಮೇಲೆ ದಿನಾ ಪಾಠ ಅಂತ.