ಗಡ್ಡದಪ್ಪ ಬಾಗಿಲಲ್ಲಿಲ್ಲ

ಮನೆ,
ಹದಿನಾರನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಕೆಮ್ಮು ಹೇಗಿದೆ? ಹೋದ ವಾರ ಫೋನಿನಲ್ಲಿ ಮಾತಿಗೊಮ್ಮೆ ಕೆಮ್ಮುತ್ತಿದ್ದೆ. ಕೇಳಿದರೆ, ಸುರಂಗದ ಧೂಳು, ಇಲ್ಲಿ ಎಲ್ಲರಿಗೂ ಇದ್ದದ್ದೇ ಎಂದು ತೇಲಿಸಿಬಿಟ್ಟೆ. ಎಲ್ಲರಿಗೂ ಇದ್ದರೆ ಅದು ಕೆಮ್ಮಲ್ಲವೇ ಎಂದು ಅಮ್ಮ ಆಮೇಲೆ ನನ್ನನ್ನು ತರಾಟೆಗೆ ತೆಗೆದುಕೊಂಡಳು, ಸುರಂಗ ಕೊರೆಸುತ್ತಿರುವವನು ನಾನೇ ಎಂಬಂತೆ. ಮೂಗಿಗೆ ಕಟ್ಟಿಕೊಳ್ಳುವ ಬಟ್ಟೆಯನ್ನು ಕುತ್ತಿಗೆಗೆ ಇಳಿಬಿಟ್ಟುಕೊಂಡು ಓಡಾಡಬೇಡ. ನಿನ್ನ ಅಭ್ಯಾಸ ನನಗೆ ಗೊತ್ತು. ಇಲ್ಲಿ ನಾವಿಬ್ಬರೂ ಕ್ಷೇಮ. ಅಮ್ಮನ ಮಂಡಿನೋವು ಮೆಟ್ಟಿಲು ಹತ್ತುವಾಗ ಮಾತ್ರ ಬರುತ್ತದೆ. ಗೇಟಿನ ಹತ್ತಿರ ನಿಂತು ಪಕ್ಕದ ಮನೆಯವರ ಜೊತೆ ಹರಟುವಾಗ ಅದರ ಸುಳಿವೇ ಇರುವುದಿಲ್ಲ.

ಅಂಗಡಿಯ ಸುದ್ದಿಯೆಂದರೆ, ಯಜಮಾನರು ಹೊಸ ಯಂತ್ರ ತಂದಿದ್ದಾರೆ. ಕನ್ನಡಕದ ಗಾಜನ್ನು ಫ್ರೇಮಿನ ಅಳತೆಗೆ ಅದೇ ಉಜ್ಜಿ ಕೊಡುತ್ತದೆ. ಯಂತ್ರದ ಜೊತೆಗೆ ಅದನ್ನು ನಡೆಸುವವನೂ ಬಂದಿದ್ದಾನೆ, ಯಜಮಾನರ ಅಳಿಯ. ಯಂತ್ರದ ಸದ್ದು ಕಡಿಮೆ, ಅಳಿಯನದು ಜಾಸ್ತಿ. ನಾನು ಈಗಲೂ ಕಿಟಕಿಯ ಪಕ್ಕ ನನ್ನ ಸಾಣೆಕಲ್ಲಿನ ಮುಂದೆಯೇ ಕೂರುತ್ತೇನೆ. ಮುರಿದ ಹಳೆಯ ಫ್ರೇಮು ಹಿಡಿದು ಬರುವವರು, ದಪ್ಪ ಗಾಜಿನವರು ನನ್ನ ಹತ್ತಿರವೇ ಬರುತ್ತಾರೆ. ಇದನ್ನೆಲ್ಲ ಸುಮ್ಮನೆ ಹೇಳುತ್ತಿಲ್ಲ. ಮುಂದೆ ಹೇಳಬೇಕಾದ ಮಾತಿಗೆ ಇದೇ ದಾರಿ, ಬೇರೆ ದಾರಿ ನನಗೆ ಸಿಗಲಿಲ್ಲ.

ಗಡ್ಡದಪ್ಪನ ವಿಷಯ ಬರೆಯಬೇಕು.

ಚೀನಾದ ಹಳೆಯ ಯುದ್ಧಗಳ ಆ ಆಟವನ್ನು ನಾವಿಬ್ಬರೂ ಶುರುಮಾಡಿದ ದಿನ ನಿನಗೆ ನೆನಪಿರಬಹುದು. ಆರಿಸಿಕೊಳ್ಳಲು ನೂರಾರು ಸೇನಾಪತಿಗಳಿದ್ದರು. ನಾನು ಬೆಳ್ಳಿ ಕವಚದ ಭರ್ಜಿಯವನನ್ನು ಹಿಡಿದಾಗ, ಯುದ್ಧಕ್ಕೆ ಆಳು ಹುಡುಕ್ತಿದೀಯೋ ಮದುವೆಗೆ ಗಂಡು ನೋಡ್ತಿದೀಯೋ ಎಂದು ನೀನು ನಕ್ಕೆ. ನೀನು ಆರಿಸಿದ್ದು ಎದೆ ಮುಚ್ಚುವ ಬಿಳಿ ಗಡ್ಡದ ಮುದುಕನನ್ನು. ಶೌರ್ಯ ಕಡಿಮೆ, ಬುದ್ಧಿ ಸಾಧಾರಣ, ಕುದುರೆ ಹತ್ತಿಸಿದರೆ ನಿಧಾನ. ನಿಷ್ಠೆ ನೋಡೋ, ನೂರಕ್ಕೆ ನೂರು ಎಂದು ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ. ಕಾಫಿ ತಂದ ಅಮ್ಮ ಅವನಿಗೆ ಗಡ್ಡದಪ್ಪ ಎಂದು ಹೆಸರಿಟ್ಟಳು. ಅಲ್ಲಿಂದಾಚೆಗೆ ಅವನ ಚೀನೀ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದಿಲ್ಲ. ಹಿಂದಕ್ಕೆ ಹೋಗಿ ತಪ್ಪು ತಿದ್ದಿಕೊಳ್ಳಲಾಗದ ಹಾಗೆ ಆಟ ಹೂಡಿದವಳೂ ನೀನೇ. ಇಲ್ಲದಿದ್ದರೆ ಅದಕ್ಕೇನು ಬೆಲೆ ಎಂದಿದ್ದೆ.

ಸುರಂಗದ ಸುರಕ್ಷತೆ ನೋಡಿಕೊಳ್ಳುವ ಕೆಲಸಕ್ಕೆ ಹೊರಡುವಾಗ ನೀನು ಇನ್ನೊಂದು ನಿಯಮ ಮಾಡಿದೆ. ಫೋನಿನಲ್ಲಿ ಆಟದ ಮಾತು ಎತ್ತಬಾರದು, ಆಜ್ಞೆ ಬರುವುದು ಕಾಗದದಲ್ಲಿ ಮಾತ್ರ. ಗಡಿಯ ಕೋಟೆಗೆ ರಾಜಧಾನಿಯ ಆಜ್ಞೆ ಮುಟ್ಟಲು ಆ ಕಾಲದಲ್ಲಿ ಎಷ್ಟು ದಿನ ಹಿಡಿಯುತ್ತಿತ್ತೋ, ಗಡ್ಡದಪ್ಪನಿಗೂ ಅಷ್ಟೇ ಹಿಡಿಯಲಿ ಎಂದೆ. ನಾನು ನಿನ್ನ ಪರವಾಗಿ ಆಡುವವನು, ಅಷ್ಟೇ. ನಿನ್ನ ಆಜ್ಞೆಯೂ ಒಂದೇ ಇತ್ತು. ಗಡ್ಡದಪ್ಪ ಕಾಯುವ ಕಣಿವೆಯ ಬಾಗಿಲನ್ನು ಶತ್ರುಗಳಿಗೆ ಒಡೆಯಲಾಗುವುದಿಲ್ಲ, ಅದಕ್ಕೇ ಹೊರಗೆ ನಿಂತು ಬೈಯುತ್ತಾರೆ. ಗಡ್ಡದಪ್ಪನಿಗೆ ಸಿಟ್ಟು ನೆತ್ತಿಗೇರುತ್ತದೆ, ಹೊರಡಲೇ ಒಡೆಯಾ ಎಂದು ಕೇಳುತ್ತಾನೆ, ಕೆಳಗೆ ಹೌದು, ಬೇಡ ಎಂಬ ಎರಡು ಬಟನ್ನುಗಳು ಬರುತ್ತವೆ. "ನೀನು ಬೇಡ ಅನ್ನು. ಎಷ್ಟು ಸಲ ಕೇಳಿದ್ರೂ ಬೇಡ ಅನ್ನು. ಅಷ್ಟೇ ನಿನ್ನ ಕೆಲಸ" ಎಂದು ಬರೆದಿದ್ದೆ. ಇಷ್ಟು ಸುಲಭದ ಕೆಲಸವನ್ನು ನನಗೆ ಬದುಕಿನಲ್ಲಿ ಇನ್ಯಾರೂ ಕೊಟ್ಟಿಲ್ಲ.

ಅಕ್ಕ, ಗಡ್ಡದಪ್ಪ ಬಾಗಿಲಲ್ಲಿಲ್ಲ. ಹೋದ ತಿಂಗಳೇ ಸೆರೆಸಿಕ್ಕಿದ್ದಾನೆ. ನಾನು ಹೌದು ಒತ್ತಿದೆ.

ಕೈ ತಪ್ಪಿ ಒತ್ತಿದ್ದಲ್ಲ. ಅವತ್ತು ಅಂಗಡಿ ತುಂಬ ಜನವಿದ್ದರು. ನನ್ನ ಕಲ್ಲಿನ ಹತ್ತಿರ ನಿಂತ ಒಬ್ಬ ಹೆಂಗಸಿಗೆ ಅಳಿಯ, "ಅಲ್ಲಿ ಹೋಗ್ಬೇಡಿ ಮೇಡಂ, ಅದು ಮ್ಯೂಸಿಯಂ ಪೀಸು. ನೋಡಬಹುದು, ಮುಟ್ಟಬಾರದು" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರ ನಗು ಆಗಲೇ ಮರೆತುಹೋಗುತ್ತಿತ್ತು, ನನ್ನದೇ ಉಳಿದುಕೊಂಡಿತು. ಸಂಜೆ ಮನೆಗೆ ಬಂದು ಆಟ ತೆರೆದೆ. ಬಿಲದೊಳಗಿನ ಮುದಿ ಇಲಿಯೇ, ಆಚೆ ಬಾ ಎಂದು ಬಾಗಿಲ ಹೊರಗಿಂದ ಯಾವನೋ ಕೂಗಿದ. ಎಷ್ಟೋ ಸಲ ಓದಿ ಬೇಡ ಎಂದಿದ್ದ ಮಾತೇ ಅದು. ಗಡ್ಡದಪ್ಪ ಹೊರಡಲೇ ಎಂದು ಕೇಳಿದ. ಹೋಗು, ತೋರಿಸು ಅವನಿಗೆ ಎಂದು ನಾನು ಬಾಯಿಬಿಟ್ಟೇ ಹೇಳಿದೆ. ಅಂಗಡಿಯಲ್ಲಿ ನನ್ನ ಬಾಯಿಂದ ಹೊರಡದ ಉತ್ತರವನ್ನು ನಿನ್ನ ಮುದುಕನ ಕೈಯಲ್ಲಿ ಕೊಡಿಸಲು ಹೋದೆ. ಎರಡು ಗುಡ್ಡಗಳ ಸಂದಿಯಿಂದ ಅವರು ಇಳಿದು ಸುತ್ತುವರಿದರು. ನನ್ನ ಬೆಳ್ಳಿ ಕವಚದವನು ಅಲ್ಲೇ ಹಿಂದಿನ ಊರಿನಲ್ಲಿದ್ದ. ಕಳಿಸಲು ಹೊತ್ತೇ ಸಿಗಲಿಲ್ಲ. ಕಾಫಿ ಆರುವ ಮುಂಚೆ ಎಲ್ಲ ಮುಗಿದಿತ್ತು.

ಅಷ್ಟಕ್ಕೇ ನಿಂತಿದ್ದರೆ ಇದನ್ನು ಆವಾಗಲೇ ಬರೆಯುತ್ತಿದ್ದೆ. ಆದರೆ ನಾನು ಬರೆದದ್ದು, ಬಾಗಿಲು ಇದ್ದಂತೆಯೇ ಇದೆ ಎಂದು. ಬಾಗಿಲು ಇತ್ತು ನಿಜ, ಅದರ ಮೇಲಿನ ಬಾವುಟ ಬೇರೆಯವರದು. ಹೀಗೆ ಸುಳ್ಳಾಡದೆ ಸುಳ್ಳು ಹೇಳುವ ಜಾಣತನ ನನ್ನಲ್ಲಿದೆಯೆಂದು ಅವತ್ತೇ ಗೊತ್ತಾದದ್ದು. ಅದಕ್ಕೆ ನಿನ್ನ ಉತ್ತರ ಬಂತು. ಮೆಸ್ಸಿನಲ್ಲಿ ನನ್ನ ಕಾಗದವನ್ನು ಎಲ್ಲರಿಗೂ ಓದಿ ಹೇಳಿದೆಯಂತೆ. ಅಡುಗೆಯವರು ಗಡ್ಡದಪ್ಪನ ಲೆಕ್ಕದಲ್ಲಿ ಎಲ್ಲರಿಗೂ ಇನ್ನೊಂದು ಸೌಟು ಬಡಿಸಿದರಂತೆ. ಆ ಸೌಟು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಆಮೇಲೆ ನೀನು ಗಾಜಿನ ವಿಷಯ ಬರೆದಿದ್ದೆ. ಸುರಂಗದ ಗೋಡೆಯ ಬಿರುಕಿಗೆ ಅಡ್ಡಲಾಗಿ ಅಂಟಿಸಲೆಂದು ನಾನು ಅಂಗಡಿಯ ಹಳೆಯ ಶೋಕೇಸಿನ ತೆಳು ಗಾಜಿನಿಂದ ಕೊಯ್ದುಕೊಟ್ಟ ಪಟ್ಟಿಗಳಲ್ಲಿ ಒಂದು ಒಡೆದಿದೆಯೆಂದೂ, ಒಡೆದರೆ ಗೋಡೆ ಸರಿಯುತ್ತಿದೆ ಎಂದರ್ಥವೆಂದೂ, ಆದರೂ ಎಲ್ಲ ಭದ್ರವಾಗಿದೆ ಎಂಬ ಕಾಗದಕ್ಕೆ ಸಹಿ ಹಾಕೆಂದು ಇಂಜಿನಿಯರ್ ಸಾಹೇಬರು ದಿನಾ ಬಂದು ನಿಲ್ಲುತ್ತಾರೆಂದೂ ಬರೆದಿದ್ದೆ. "ಗಾಜು ಒಡೆದ್ರೆ ಅಪಶಕುನ ಅಂತೀರೇನು ಮೇಡಂ" ಎಂದು ಹತ್ತು ಜನರ ಮುಂದೆ ನಗಾಡಿದರಂತೆ. ನಿನಗೆ ಬಾಯಿಗೆ ಬಂದದ್ದು ಅಂದುಬಿಡಬೇಕು ಅಥವಾ ಸಹಿ ಹಾಕಿ ಕೈತೊಳೆದುಕೊಳ್ಳಬೇಕು ಅನಿಸಿತಂತೆ. ಎರಡನ್ನೂ ಮಾಡಲಿಲ್ಲ, ಗಡ್ಡದಪ್ಪ ನಿಂತಿದ್ದಾನಲ್ಲ, ನಾನೂ ನಿಂತಿದ್ದೇನೆ ಎಂದು ಬರೆದಿದ್ದೆ. ಆ ಸಾಲು ಓದಿ ನಾನು ಕಾಗದ ಮಡಚಿಟ್ಟೆ. ನಿನ್ನ ಬೆನ್ನಿಗೆ ಆತುಕೊಳ್ಳಲು ನಾನು ಕೊಟ್ಟದ್ದು ಇಲ್ಲದ ಗೋಡೆ. ಈಗ ಹೇಳಿದರೆ ನೀನು ಬೀಳುತ್ತೀಯೋ ಎಂಬ ಭಯಕ್ಕೆ ಮತ್ತೊಂದು ಕಾಗದ ಬರೆದೆ. ಅದರಲ್ಲೂ ಬಾಗಿಲು ಇದ್ದಂತೆಯೇ ಇತ್ತು.

ಇನ್ನೂ ಒಂದಿದೆ. ಗಡ್ಡದಪ್ಪನನ್ನು ಬಿಡುತ್ತೇವೆ, ಬದಲಿಗೆ ಬೆಳ್ಳಿ ಕವಚದವನನ್ನು ಕೊಡಿ ಎಂದು ಶತ್ರುಗಳು ಎರಡು ಸಲ ದೂತನನ್ನು ಕಳಿಸಿದರು. ಎರಡು ಸಲವೂ ನಾನು ಬೇಡ ಎಂದೆ. ಬೇಡ ಎನ್ನಲು ನನಗೆ ಬರುತ್ತದೆ, ನೋಡಿದೆಯಾ.

ನಿನ್ನೆ ಅಮ್ಮ ಹಿಂದಿನಿಂದ ಬಂದು ಪರದೆ ನೋಡಿದಳು. "ಗಡ್ಡದಪ್ಪ ಎಲ್ಲೋ?" ಎಂದಳು. ಒಳಗಿದ್ದಾನೆ ಎಂದೆ. "ಯಾವ ಒಳಗೆ?" ಎಂದಳು. ಅವಳಿಗೆ ಆಟ ಅರ್ಥವಾಗುವುದಿಲ್ಲ, ನಾನು ಅರ್ಥವಾಗುತ್ತೇನೆ. "ಅವಳಿಗೆ ಬರೆದ್ಯಾ?" ಎಂದು ಕೇಳಿ ಒಳಗೆ ಹೋದಳು. ರಾತ್ರಿ ಊಟದ ತಟ್ಟೆಯ ಪಕ್ಕ ಖಾಲಿ ಲಕೋಟೆಯಿಟ್ಟಳು.

ಅದಕ್ಕೇ ಬರೆಯುತ್ತಿದ್ದೇನೆ. ದೂತ ಮೂರನೆಯ ಸಲ ಬಂದಿದ್ದಾನೆ. ಆಟವನ್ನು ಅಲ್ಲೇ ನಿಲ್ಲಿಸಿದ್ದೇನೆ. ನನ್ನವನನ್ನು ಕೊಟ್ಟು ನಿನ್ನವನನ್ನು ಬಿಡಿಸಿಕೊಳ್ಳಲು ಸಿದ್ಧನಿದ್ದೇನೆ, ಆದರೆ ನೀನು ಹೇಳದೆ ಇನ್ನು ಯಾವ ಬಟನ್ನನ್ನೂ ಒತ್ತುವುದಿಲ್ಲ. ಆಜ್ಞೆ ಬರೆದು ಕಳಿಸು. ಬೈಯುವುದಿದ್ದರೆ ಅದನ್ನೂ ಕಾಗದದಲ್ಲೇ ಬೈ, ಫೋನಿನಲ್ಲಿ ಕೇಳಲು ನನಗೆ ಮುಖವಿಲ್ಲ. ಮೆಸ್ಸಿನವರಿಗೆ ಇದನ್ನು ಓದಿ ಹೇಳುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಓದಿದರೆ, ಆ ಸೌಟಿಗಾಗಿ ಅಡುಗೆಯವರಿಗೆ ನನ್ನ ನಮಸ್ಕಾರ ಹೇಳು. ಅಮ್ಮನ ಆಶೀರ್ವಾದಗಳು.

ಇಂತು,
ಮುಖ ತೋರಿಸಲಾಗದ ನಿನ್ನ ತಮ್ಮ

ತಾ.ಕ.: ಅಮ್ಮ ಚಪ್ಪಲಿ ಮೆಟ್ಟಿಕೊಂಡು ಲಕೋಟೆಗೆ ಕೈಚಾಚಿ ನಿಂತಿದ್ದಾಳೆ. ಹೇಳಬೇಕಾದದ್ದೇ ಉಳಿದುಹೋಯಿತು. ಶತ್ರು ರಾಜ ಗಡ್ಡದಪ್ಪನನ್ನು ಪ್ರತಿ ಸರದಿಯಲ್ಲೂ ಸೆರೆಯಿಂದ ಕರೆಸಿ, ನಮ್ಮ ಕಡೆ ಸೇರು, ಮನೆ ಕೊಡುತ್ತೇನೆ, ಪದವಿ ಕೊಡುತ್ತೇನೆ ಎನ್ನುತ್ತಾನೆ. ಆಗ ನನ್ನ ಮುಂದೆ ಹೌದು, ಬೇಡ ಬರುವುದಿಲ್ಲ. ಆ ಪ್ರಶ್ನೆಯನ್ನು ಆಟ ನನಗೆ ಕೇಳುವುದೇ ಇಲ್ಲ. ಅವನೇ ಇಲ್ಲ ಎನ್ನುತ್ತಾನೆ. ಈ ಸಲ ದೂತ ಬರುವ ಮುಂಚೆಯೂ ಇಲ್ಲ ಅಂದ. ಬಾಗಿಲು ಬಿಟ್ಟವನು ನಾನು ಅಕ್ಕ, ಅವನಲ್ಲ. ನೀನು ಸಹಿ ಹಾಕಬೇಡ. ಶೋಕೇಸಿನ ಉಳಿದ ಗಾಜನ್ನೂ ಕೊಯ್ದಿಟ್ಟಿದ್ದೇನೆ, ನಾಳೆ ಕಳಿಸುತ್ತೇನೆ. ಒಡೆದ ಪಟ್ಟಿಯ ಪಕ್ಕದಲ್ಲೇ ಅಂಟಿಸು.