ನೀಲಾಂಬಿಕಾಗೆ, ಸೋಮವಾರದ ಸಂದರ್ಶನಕ್ಕೆ ಮೊದಲು

ಬ್ಯಾಡಗಿ,
ಬಿಸಿಲೆಣಿಕೆಯ ನೂರ ಆರನೆಯ ವರ್ಷ, ಹದಿಮೂರನೆಯ ತಿಂಗಳ ನಲವತ್ತನೆಯ ದಿನ.

ಪ್ರೀತಿಯ ತಂಗಿ ನೀಲಾಂಬಿಕಾ,

ಮೇಲಿನ ತಾರೀಕು ನೋಡಿ ಯಾರೋ ಹುಡುಗಾಟಕ್ಕೆ ಬರೆದದ್ದು ಎಂದು ಮಡಚಿಡಬೇಡ. ಬಿಸಿಲೆಣಿಕೆ ನಮ್ಮ ಕಾಲದ ಪಂಚಾಂಗ; ನಿಮ್ಮ ಹನ್ನೆರಡು ತಿಂಗಳಿಂದ ಒಂದಷ್ಟು ದಿನ ಕಡಿದು, ಕೊನೆಗೆ ನಾವು ವಿಶ್ರಾಂತಿಗೆಂದು ಇನ್ನೊಂದನ್ನು ಸೇರಿಸಿಕೊಂಡಿದ್ದೇವೆ, ಅಷ್ಟೇ. ನನ್ನ ಕೆಲವು ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸು. ಸಂಬಂಧದಲ್ಲಿ ನೀನು ನನಗೆ ಆರು ತಲೆಮಾರು ಹಿಂದಿನ ಅಜ್ಜಿ. ಆದರೆ ನಿನಗಿನ್ನೂ ಹತ್ತೊಂಬತ್ತು, ನನಗೆ ಎಂಬತ್ತು ದಾಟಿದೆ. ಅಜ್ಜಿ ಎನ್ನಲು ಬಾಯಿ ಬರುತ್ತಿಲ್ಲ. ತಂಗಿ ಎಂದೇ ಕರೆಯುತ್ತೇನೆ, ಸಿಟ್ಟಾಗಬೇಡ.

ನೀನು ಬಿ.ಎಸ್ಸಿ. ಬಿಟ್ಟು ಬಿ.ಬಿ.ಎ. ಎರಡನೆಯ ವರ್ಷಕ್ಕೆ ಸೇರಲು ಹೊರಟಿದ್ದೀಯ, ಅದು ಮುಗಿದ ಮೇಲೆ ಲಾ ಓದುವ ಆಸೆ. ನಿಮ್ಮವ್ವ ಫಕ್ಕೀರವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಅಂಗಳದಲ್ಲಿ ಒಮ್ಮೆ ಜಗಳವಾದಾಗ, ಬಂದ ವಕೀಲರಿಗೆ ಅಲ್ಲಿನ ವ್ಯಾಪಾರವೇ ಅರ್ಥವಾಗದ್ದನ್ನು ಕಂಡವಳು ನೀನು. ವ್ಯಾಪಾರ ಬಲ್ಲ ವಕೀಲೆಯಾಗಬೇಕೆಂದು ಅಂದೇ ನಿಶ್ಚಯಿಸಿದೆ. ಹಳೆಯ ಕಾಲೇಜಿನ ಟಿ.ಸಿ. ತೆಗೆದಾಗಿದೆ. ಸೋಮವಾರ ಹಾವೇರಿಯಲ್ಲಿ ಹೊಸ ಕಾಲೇಜಿನ ಸಂದರ್ಶನ, ಉಳಿದಿರುವುದು ಒಂದೇ ಸೀಟು. ನಿನ್ನ ಸೋದರಮಾವ ಚನ್ನವೀರ ಎಚ್ಚರಿಸಿದ್ದಾನೆ: "ಲಾ ಗೀ ಅಂತ ಬಾಯಿ ಬಿಡಬ್ಯಾಡ. ಬಿ.ಎಸ್ಸಿ. ಬಿಟ್ಟಾಕಿ ನಾಳೆ ಇದನ್ನೂ ಅರ್ಧಕ್ಕ ಬಿಟ್ಟ ಹೋಗ್ತಾಳ, ಯಾಕ ಸೀಟ್ ಕೊಡೂದು ಅಂತಾರ." ನಿಮ್ಮವ್ವ ಮಾತ್ರ, "ನೀ ಏನ್ ಹೇಳಿದ್ರೂ ನಾ ಬೈಯಂಗಿಲ್ಲ. ಆದ್ರ ಸುಳ್ಳ ಹೇಳಿ ಬಂದ್ರ ನಿನ್ನ ಮಾರಿ ನೋಡಿದ್ರ ನನಗ ಗೊತ್ತಾಗತೈತಿ" ಅಂದಿದ್ದಾಳೆ. ಇದೆಲ್ಲ ನನಗೆ ಹೇಗೆ ಗೊತ್ತು ಅನ್ನುತ್ತೀಯಾ? ನಮ್ಮ ಮನೆಯ ಹೆಣ್ಣುಮಕ್ಕಳು ಕಾಲೇಜಿಗೆ ಹೊರಟಾಗಲೆಲ್ಲ ಈ ಕತೆ ಹೇಳುತ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ.

ನಾನು ಮಾತುಗಾರ್ತಿ, ಎಂದರೆ ನಿಮ್ಮ ಕಾಲದ ವಕೀಲೆ. ಬೆಳಗ್ಗೆ ರೊಟ್ಟಿ ತಿಂದು ಬಿಸಿಲುಬಂಡಿ ಹತ್ತುತ್ತೇನೆ. ಅದಕ್ಕೆ ಸೂರ್ಯನೇ ಪೆಟ್ರೋಲು, ಮೋಡ ಕವಿದ ದಿನ ಇಳಿದು ತಳ್ಳಬೇಕು. ಹೋಗುವುದು ಕಸುಬುಕಟ್ಟೆಗೆ, ಸಂತೆಯ ನಡುವೆಯೇ ನಡೆಯುವ ಕೋರ್ಟಿಗೆ. ಮೆಣಸಿನಕಾಯಿ ಘಾಟು ಇನ್ನೂ ಹಾಗೇ ಇದೆ. ತೀರ್ಪು ಓದುವಾಗ ನ್ಯಾಯಾಧೀಶರು ಸೀನಿದರೆ ಯಾರೂ ನಗುವುದಿಲ್ಲ, ನನ್ನೊಬ್ಬಳನ್ನು ಬಿಟ್ಟು. ವಾದಕ್ಕೆ ಮೊದಲು ನಮ್ಮಲ್ಲಿ 'ಒಪ್ಪಿಸುವುದು' ಎಂಬ ಪದ್ಧತಿಯಿದೆ. ಮಾತುಗಾರ್ತಿಯಾದವಳು ತನ್ನ ಕಕ್ಷಿದಾರರ ಕಸುಬನ್ನು ಮೊದಲಿನಿಂದ ಕೊನೆಯವರೆಗೆ ಅವರೆದುರೇ ವಿವರಿಸಬೇಕು. "ಹೌದು, ನಮ್ಮ ಕೆಲಸ ಹಿಂಗ ಇರತೈತಿ" ಎಂದು ಅವರು ಒಪ್ಪಿದ ಮೇಲೆಯೇ ವಾದಕ್ಕೆ ಅಪ್ಪಣೆ. ಹೋದ ವಾರ ಬಳೆಗಾರ್ತಿಯೊಬ್ಬಳು ಇಷ್ಟು ವಯಸ್ಸಾದ ನನ್ನನ್ನೂ "ಇನ್ನಷ್ಟು ಕಲ್ತು ಬಾ ಹೋಗಬೇ" ಎಂದು ವಾಪಸು ಕಳಿಸಿದಳು. ಈ ಪದ್ಧತಿ ತಂದವಳು ನೀನು.

ಈಗ ಕಷ್ಟದ ಮಾತು. ನಿಜ ಹೇಳಿದರೆ ಆ ಸೀಟು ನಿನಗೆ ಸಿಗುವುದಿಲ್ಲ. ಮುಚ್ಚಿಟ್ಟಿದ್ದರೆ ಸಿಗುತ್ತಿತ್ತೆಂದು ಸಂದರ್ಶನದ ಮೇಡಂ ಮುಂದೊಂದು ದಿನ ತಾವೇ ನಿನಗೆ ಹೇಳುತ್ತಾರೆ. ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ನೀನು ಅಳುತ್ತೀಯ. ವರ್ಷ ಹಾಳು ಮಾಡಿಕೊಂಡಳೆಂದು ಓಣಿಯವರು ಆಡಿಕೊಳ್ಳುತ್ತಾರೆ. ಕಾಲೇಜಿಲ್ಲದ ಆ ವರ್ಷವೆಲ್ಲ ಅವ್ವನ ಪಕ್ಕದಲ್ಲಿ ಕೂತು ತೊಟ್ಟು ಬಿಡಿಸುತ್ತೀಯ. ಕೈ ಉರಿಯುತ್ತದೆ. ಅಲ್ಲಿನ ಹೆಂಗಸರು ತಮ್ಮ ಕೆಲಸವನ್ನು ತಪ್ಪಿಲ್ಲದೆ ಹೇಳಲು ನಿನಗೆ ಬರುವವರೆಗೆ ಬಿಡುವುದಿಲ್ಲ, ಮತ್ತೆ ಮತ್ತೆ ಹೇಳಿಸುತ್ತಾರೆ. ಒಪ್ಪಿಸುವುದು ಹುಟ್ಟಿದ್ದು ಅಲ್ಲಿ. ಮರುವರ್ಷ ಬೇರೊಂದು ಕಾಲೇಜು ನಿನ್ನ ಎರಡೂ ಆಸೆಗಳನ್ನು ಕೇಳಿಯೇ ಸೇರಿಸಿಕೊಳ್ಳುತ್ತದೆ. ಬಿ.ಬಿ.ಎ. ಆಗುತ್ತದೆ, ಲಾ ಕೂಡ ಆಗುತ್ತದೆ.

ಸುಳ್ಳು ಹೇಳಿ ಸೀಟು ಹಿಡಿ ಎಂದು ಬರೆದುಬಿಡೋಣ ಅನ್ನಿಸಿತ್ತು. ನೀನು ಅಳುವುದನ್ನು ನೆನೆದೇ ಹಾಗನ್ನಿಸಿದ್ದು. ಆದರೆ ನಾಳೆ ಕಟ್ಟೆಯ ಮುಂದೆ ಒಬ್ಬ ಕುಂಬಾರತಿ ನಿಲ್ಲಲಿದ್ದಾಳೆ. ತನ್ನ ಕೆಲಸ ಅರಿಯದ ಯಾರೂ ತನ್ನ ಪರವಾಗಿ ಮಾತಾಡಲಾರರು ಎಂಬ ಧೈರ್ಯದಿಂದ ಅವಳು ಬರುತ್ತಾಳೆ.

ಸೋಮವಾರ ಆ ಮೇಡಂ "ಮುಂದೇನು ಮಾಡಬೇಕು ಅಂತಿದ್ದೀಯಮ್ಮ?" ಎಂದು ಕೇಳಿದಾಗ ನಿಜ ಹೇಳು, ತಂಗಿ. ನಿನ್ನ ಒಂದು ವರ್ಷವನ್ನು ನಮಗೆ ಕೊಡು.

ನಿನ್ನ ಆರನೆಯ ತಲೆಮಾರಿನವಳು,
ಇಂಚರವ್ವ