ಮೊದಲ ತಿರುವಿನ ಗೋಡೆ

ಹಾರೋಹಳ್ಳಿ
17-10-2005

ಸೂಪರ್‌ವೈಸರ್ ಸಿದ್ದರಾಜು ಸಾರ್ ಅವರಿಗೆ ನಮಸ್ಕಾರಗಳು.

ಓವರ್‌ಟೈಮ್ (ಓಟಿ) ಹೊತ್ತಿನಲ್ಲಿ ಕೆಲಸ ಬಿಟ್ಟು ಆಟ ಆಡಿದ್ದೇಕೆ ಎಂದು, ಮ್ಯಾನೇಜರ್ ಮಾತಿನಂತೆ ನೀವು ಕೊಟ್ಟ ಮೆಮೊ ತಲುಪಿತು. ನನ್ನ ಕೆಲಸವೇ ವಿಡಿಯೋ ಗೇಮ್ ಆಡುವುದು ಸಾರ್. ನಮ್ಮ ಫ್ಯಾಕ್ಟರಿಯಲ್ಲಿ ತಯಾರಾಗುವ ಪ್ರತಿ ಗೇಮ್ ಸೆಟ್ಟನ್ನೂ ಟಿವಿಗೆ ಹಾಕಿ, ಕಾರು ಓಡಿಸಿ, ಮೊದಲ ತಿರುವಿನ ಗೋಡೆಗೆ ಗುದ್ದಿಸಿ, ‘ಢಂ’ ಎಂದು ಸದ್ದು ಬಂದರೆ ಪ್ಯಾಕಿಂಗಿಗೆ ಕಳಿಸಬೇಕು. ದೀಪಾವಳಿ ಆರ್ಡರ್ ಬಂದಾಗಿನಿಂದ ದಿನಾ ಓಟಿ ಮಾಡಿ ಗುದ್ದಿಸುತ್ತಿದ್ದೇನೆ. ನಮ್ಮತ್ತೆ ಇದನ್ನು ನಂಬುವುದೇ ಇಲ್ಲ. “ಆಟ ಆಡುದ್ರೆ ಯಾವನವ್ವ ಡಬ್ಬಲ್ ಸಂಬ್ಳ ಕೊಟ್ಟಾನು?” ಎನ್ನುತ್ತಾರೆ.

ಶನಿವಾರ ಸಂಜೆ ತೂಕಡಿಕೆಯಲ್ಲಿ ಬೆರಳು ಬಟನ್ ಮೇಲೆ ಜಾರಿ, ಕಾರು ತಾನಾಗಿ ತಿರುಗಿ ಗೋಡೆ ತಪ್ಪಿಸಿಕೊಂಡಿತು. ಮುಂದೆ ಒಂದು ಸೇತುವೆ, ಸುತ್ತ ಸಮುದ್ರ! ಎರಡು ವರ್ಷದಿಂದ ಆಡುತ್ತಿದ್ದರೂ ಗೋಡೆಯ ಆಚೆ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ಪಕ್ಕದ ನವ್ಯಶ್ರೀ, “ಅಕ್ಕೋ, ಗುದ್ದಬ್ಯಾಡ ಕಣಕ್ಕ, ಬುಡು ಮುಂದ್ಕೆ!” ಎಂದಳು. ಇಡೀ ಲೈನು ಎದ್ದು ಬಂದು ನಿಂತಿತು. ಕನಕಪುರದ ಬಸ್ಸು ಹೋದದ್ದೂ ಯಾರಿಗೂ ತಿಳಿಯಲಿಲ್ಲ.

ಆ ಅರ್ಧ ಗಂಟೆಯ ಓಟಿ ದುಡ್ಡು ಹಿಡಿದುಕೊಳ್ಳಿ, ಬೇಸರವಿಲ್ಲ. ಆದರೆ ಆ ಸೇತುವೆಯ ಮೇಲೆ ಎದುರಿಗೆ ಲಾರಿ ಬಂದಾಗ ನನ್ನ ಬೆನ್ನ ಹಿಂದೆ ನಿಂತು “ಎಡಕ್ಕೆ ತಗೊಳಮ್ಮೋ, ಎಡಕ್ಕೆ!” ಎಂದು ಕೂಗಿದವರು ಯಾರೆಂದು ಮ್ಯಾನೇಜರಿಗೆ ನಾನು ಹೇಳಿಲ್ಲ. ಎಡಕ್ಕೆ ತೆಗೆದುಕೊಂಡದ್ದರಿಂದಲೇ ಕಾರು ಸಮುದ್ರಕ್ಕೆ ಬಿತ್ತು ಸಾರ್.

ಇವತ್ತಿನ ಓಟಿಯಲ್ಲಿ ಒಂದು ಸಲ ಬಲಕ್ಕೆ ತೆಗೆದುಕೊಳ್ಳಲು ಅಪ್ಪಣೆ ಕೊಡಬೇಕಾಗಿ ವಿನಂತಿ.

ಇಂತಿ,
ಟೆಸ್ಟಿಂಗ್ ಲೈನಿನ ಜಯರತ್ನ